ಭಾಸ್ಕರ ಮಾಮ ಕೈ ಎತ್ತಿದ್ದು

ಕಾಲೇಜಿನಲ್ಲಿದ್ದಾಗ ನಾನು ಸಂಸತ್ತಿನಲ್ಲಿ ಕೆಲಸ ಮಾಡಿದ್ದೇನೆ ಎಂದರೆ ಯಾರೂ ನಂಬುವುದಿಲ್ಲ. ಪೂರ್ತಿ ನಂಬುವುದೂ ಬೇಡ. ಅದು ಅಬುಧಾಬಿಯಲ್ಲಿ ನಡೆದ ವಿದ್ಯಾರ್ಥಿಗಳ ಅಣಕು ಸಂಸತ್ತು. ಮಂತ್ರಿಯಾಗುವ ಆಸೆಯಿಂದ ಹೆಸರು ಕೊಟ್ಟವಳಿಗೆ ಸಿಕ್ಕಿದ್ದು ‘ಪೇಜ್’ ಹುದ್ದೆ. ಎಂದರೆ ಸದಸ್ಯರಿಗೆ ನೀರು ಕೊಡುವುದು, ಅವರ ಚೀಟಿಗಳನ್ನು ಆಚೀಚೆ ಸಾಗಿಸುವುದು, ಕೆಮ್ಮುವವರ ಮುಂದಿನಿಂದ ಮೈಕು ಸರಿಸುವುದು. ಅಮ್ಮ ಮಾತ್ರ ದುಬೈನ ಮಿರ್ದಿಫ್‌ನ ನಮ್ಮ ಕಟ್ಟಡದಲ್ಲೆಲ್ಲ, “ನಮ್ಮ ಹುಡುಗಿಗೆ ಪಾರ್ಲಿಮೆಂಟಲ್ಲಿ ಡ್ಯೂಟಿ” ಎಂದು ಸಾರಿಬಿಟ್ಟಿದ್ದಳು.

ದುಬೈನಿಂದ ನನ್ನನ್ನು ಕಾರಿನಲ್ಲಿ ಕರೆದೊಯ್ದವರು ಅಪ್ಪನ ಗೆಳೆಯ, ಉಡುಪಿಯ ಭಾಸ್ಕರ ಮಾಮ. ಪಾರ್ಲಿಮೆಂಟೆಂದರೆ ಸುಮ್ಮನೆಯೇ ಎಂದು ಮಗಳ ಮದುವೆಗೆ ಹೊಲಿಸಿದ ಕೋಟು ತೊಟ್ಟು ಬಂದಿದ್ದರು. ಅವರನ್ನು ಕ್ಯಾಂಟೀನಿನಲ್ಲಿ ಕೂರಿಸಿ ಒಳಗೆ ಓಡಿದೆ.

ಚರ್ಚೆಗೆ ಬಂದ ಮಸೂದೆ, ತರಗತಿಗಳು ಬೆಳಿಗ್ಗೆ ಎಂಟರ ಬದಲು ಹತ್ತಕ್ಕೆ ಶುರುವಾಗಬೇಕೆಂಬುದು. ಪೇಜ್ ಯಾವ ಪಕ್ಷವನ್ನೂ ವಹಿಸಬಾರದು ಎಂಬುದು ನಿಯಮ. ಆದರೆ ಮರುದಿನ ಎಂಟಕ್ಕೆ ನನಗೆ ಅಕೌಂಟ್ಸ್ ಪರೀಕ್ಷೆಯಿತ್ತು. ಹಾಗಾಗಿ ಮಸೂದೆಯ ಪರ ಮಾತಾಡಿದವರಿಗೆ ತಣ್ಣೀರು, ವಿರೋಧಿಸಿದವರಿಗೆ ಬಿಸಿಲಿಗಿಟ್ಟ ಬಾಟಲಿ ಕೊಡುತ್ತಾ ನನ್ನ ಕೈಲಾದ ದೇಶಸೇವೆ ಮಾಡಿದೆ.

ಮತದಾನದ ಹೊತ್ತಿಗೆ ಒಬ್ಬ ಸದಸ್ಯ ನಾಪತ್ತೆ. ಕರೆತಾ ಎಂದು ಸ್ಪೀಕರ್ ಹುಡುಗಿ ನನ್ನನ್ನು ಅಟ್ಟಿದಳು. ಅವನ ಮುಖ ನನಗೆ ನೆನಪಿರಲಿಲ್ಲ. ಕ್ಯಾಂಟೀನಿನ ಬಾಗಿಲಲ್ಲಿ ನಿಂತು, “ಮೆಂಬರ್! ಯಲ್ಲಾ, ಬೇಗ, ವೋಟಿಂಗ್!” ಎಂದು ಕೂಗಿ, ಅವನನ್ನು ಹುಡುಕಲು ಹೊರಗಿನ ಅಂಗಳಕ್ಕೆ ಓಡಿದೆ. ಬರಿಗೈಯಲ್ಲಿ ಹಿಂತಿರುಗಿದಾಗ ಖಾಲಿ ಕುರ್ಚಿಯಲ್ಲಿ ಭಾಸ್ಕರ ಮಾಮ! ಆ ಕೋಟನ್ನು ತಡೆಯುವ ಧೈರ್ಯ ಬಾಗಿಲ ಹುಡುಗನಿಗೆ ಎಲ್ಲಿಂದ ಬರಬೇಕು?

“ಪರ ಇರುವವರು?” ಎಂದಳು ಸ್ಪೀಕರ್. ಮಾಮ ಕೈ ಎತ್ತಿದರು. ನನಗೆ ಒಳಗೊಳಗೇ ಖುಷಿ. “ವಿರೋಧ ಇರುವವರು?” ಮಾಮ ಅಷ್ಟೇ ಉತ್ಸಾಹದಿಂದ ಮತ್ತೆ ಎತ್ತಿದರು.

ಲೆಕ್ಕ ತಪ್ಪಿತು. ಸದನದಲ್ಲಿದ್ದ ತಲೆಗಳಿಗಿಂತ ಒಂದು ಕೈ ಹೆಚ್ಚು.

“ಸರ್, ಹೂ ಆರ್ ಯೂ?”

“ಲೈಫ್ ಮೆಂಬರ್,” ಎಂದರು ಮಾಮ ಎದ್ದು ನಿಂತು. “ಕನ್ನಡ ಸಂಘ.”

ಸದನ ಬಿದ್ದು ಬಿದ್ದು ನಗುತ್ತಿರುವಾಗ ನಿಜವಾದ ಸದಸ್ಯ ಶವರ್ಮಾ ಹಿಡಿದುಕೊಂಡೇ ಓಡಿ ಬಂದ. ಮರು ಮತದಾನದಲ್ಲಿ ಅವನು ಪರವಾಗಿ ಕೈ ಎತ್ತಿದ. ಮಸೂದೆ ಒಂದೇ ಮತದಿಂದ ಗೆದ್ದಿತು. ನಾನು ಶಿಳ್ಳೆ ಹೊಡೆದೆ. “ಪೇಜ್ ಶಿಳ್ಳೆ ಹೊಡೆಯುವಂತಿಲ್ಲ,” ಎಂದು ಗದರಲು ಬಂದ ಉಸ್ತುವಾರಿ ಮೇಡಂ ನಗು ತಡೆಯಲಾಗದೆ ಅರ್ಧಕ್ಕೇ ವಾಪಸಾದರು. ಮರುದಿನದ ಪರೀಕ್ಷೆ ಆದರೂ ಎಂಟಕ್ಕೇ ಎಂದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಹಿಂತಿರುಗುವಾಗ ಕಾರಿನಲ್ಲಿ ರೇಗಿದೆ. “ಎರಡೂ ಕಡೆಗೆ ಕೈ ಎತ್ತುದಾ ಮಾಮ?”

“ಎಂತ ಮಾಡುದು ಮಾರಾಯ್ತಿ, ಎರಡೂ ಕಡೆ ಒಳ್ಳೆ ಮಕ್ಕಳೇ. ಬರ್ ದುಬೈಯ ನನ್ನ ಸೀರೆ ಅಂಗಡಿಗೆ ಬಂದು ನೋಡು. ಗಂಡ ನೀಲಿ ಅಂತಾನೆ, ಹೆಂಡತಿ ಕೆಂಪು ಅಂತಾಳೆ. ನಾನು ಇಬ್ಬರಿಗೂ ಹೌದು ಹೌದು ಅಂತೇನೆ.”

“ಕೊನೆಗೆ ಯಾವುದು ಹೋಗ್ತದೆ?”

“ಕೆಂಪೇ. ಆದ್ರೆ ಗಂಡ ಬ್ಯಾಗ್ ಹಿಡ್ಕೊಂಡು, ತಾನೇ ಆರಿಸಿದ ಹಾಗೆ ಖುಷಿಯಲ್ಲಿ ಹೋಗ್ತಾನೆ.”