ಎಡೆಯ ಸಾಲಿನ ಕೊನೆಯಲ್ಲಿ ಅತ್ತೆ

ಕಳೆದ ವಾರ ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಗೌರತ್ತೆಗೆ ಎಡೆ ಇಟ್ಟರು. ಹೂವು ಇಟ್ಟರು, ಧೂಪ ಹಾಕಿದರು, ಮಕ್ಕಳು ಮರಿಯೆಲ್ಲ ಅಡ್ಡಬಿದ್ದರು.

ಗೌರತ್ತೆ ಬದುಕಿದ್ದಾರೆ.

(ನಗು ಬಂದರೆ ನಕ್ಕುಬಿಡಿ. ಮೊದಲು ನಾನೂ ನಕ್ಕಿದ್ದೆ.)

ಅತ್ತೆ ನನ್ನ ಅಪ್ಪನ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ದೊಡ್ಡಬಳ್ಳಾಪುರ ಕಡೆಯ ಮಧುರೆ ಹತ್ತಿರದ ತವರಿಗೆ ವಾಪಸ್ ಬಂದವರು. ಅಲ್ಲಿಂದಾಚೆ ಆ ಮನೆಯ ಒಲೆ ಅವರ ಕೈಯಲ್ಲೇ ಇತ್ತು. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಆದರೆ ಎಬ್ಬಿಸಿ ಕೂರಿಸಲು, ಹಿಡಿದು ನಡೆಸಲು ಹಗಲೆಲ್ಲ ಒಬ್ಬರು ಬೇಕು. ಈಗ ಆ ಮನೆ ನೋಡಿಕೊಳ್ಳುತ್ತಿರುವ ನನ್ನ ಚಿಕ್ಕಪ್ಪನ ಮಗ ನಾಗರಾಜ ಶಿಫ್ಟ್ ಮೇಲೆ ಫ್ಯಾಕ್ಟರಿಗೆ ಹೋಗುತ್ತಾನೆ, ಅವನ ಹೆಂಡತಿ ಸವಿತ ಗಾರ್ಮೆಂಟ್ಸ್‌ಗೆ. ನಾನು ದೊಡ್ಡಬಳ್ಳಾಪುರದಲ್ಲಿ ಲಿಫ್ಟ್ ಇಲ್ಲದ ಕಟ್ಟಡದ ಮೇಲಿನ ಮಹಡಿಯಲ್ಲಿದ್ದೇನೆ. ಎಲ್ಲರೂ ಕೂತು ಮಾತಾಡಿ, ತ್ಯಾಮಗೊಂಡ್ಲು ಕಡೆಯ ಒಂದು ವೃದ್ಧಾಶ್ರಮಕ್ಕೆ ಸೇರಿಸಿದೆವು.

ಯಾರೂ ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರು ಒಬ್ಬರಾದರೂ ಇದ್ದಿದ್ದರೆ ಬೈದು ಹಗುರಾಗಬಹುದಿತ್ತು.

ಆಶ್ರಮವೂ ಕೆಟ್ಟದ್ದಲ್ಲ. ಬೆಳಕು ಹರಿಯುವ ಮುಂಚೆ ಬಿಸಿನೀರು, ಆಮೇಲೆ ಕಾಫಿ, ತಿಂಡಿ, ಮಾತ್ರೆ. ಹಾಲ್‌ನಲ್ಲಿ ಭಜನೆ, ಕುರ್ಚಿಯಲ್ಲಿ ಕೂತು ಕೈಕಾಲು ಆಡಿಸುವ ವ್ಯಾಯಾಮ. ಮಧ್ಯಾಹ್ನದ ಊಟ, ನಿದ್ದೆ, ಟೀವಿ. ಕತ್ತಲಾಗುವಷ್ಟರಲ್ಲಿ ರಾತ್ರಿಯ ಊಟವೂ ಮುಗಿದಿರುತ್ತದೆ. ಎಲ್ಲ ಕ್ಲೀನ್. ಫಿನಾಯಿಲ್ ವಾಸನೆ ಬಿಟ್ಟರೆ ಬೇರೆ ವಾಸನೆ ಇಲ್ಲ. ಒಗ್ಗರಣೆಯ ಘಾಟು ಕೂಡ ಮಂಚದವರೆಗೆ ಬರುವುದಿಲ್ಲ. ಜೀವನವಿಡೀ ಒಲೆಯ ಮುಂದೆ ಕೂತವರಿಗೆ ಅಡುಗೆ ಏನೆಂದು ತಟ್ಟೆ ಬಂದ ಮೇಲೆ ಗೊತ್ತಾಗಬೇಕು.

ಮುದ್ದೆ ಇಲ್ಲ. ಗಂಟಲಿಗೆ ಸಿಕ್ಕಿಕೊಂಡೀತೆಂಬ ಭಯ. ಮಾಂಸ ಇಲ್ಲವೇ ಇಲ್ಲ. ಮಾಂಸಾಹಾರ ತರಬಾರದೆಂದು ಗೇಟಿನಲ್ಲೇ ಬೋರ್ಡ್ ಇದೆ. ನಮ್ಮ ಅತ್ತೆ ವಾರಕ್ಕೊಮ್ಮೆಯಾದರೂ ಕೋಳಿ ಸಾರಿನ ಪಾತ್ರೆ ಬಳಿದವರು. ಸೇರಿದ ಹೊಸದರಲ್ಲಿ ಕೇಳಿದರಂತೆ. ಆಮೇಲೆ ಕೇಳುವುದನ್ನು ಬಿಟ್ಟರು.

ಪಿತೃಪಕ್ಷ ಬಂದರೆ ಮಾತ್ರ ಅಲ್ಲಿ ಹಬ್ಬವೋ ಹಬ್ಬ. ದಿನವೂ ಯಾರದೋ ತಂದೆಯ ಹೆಸರಿನಲ್ಲಿ, ತಾಯಿಯ ಹೆಸರಿನಲ್ಲಿ ಊಟ ಹಾಕಿಸುತ್ತಾರೆ. ಕಾರಿನಿಂದ ಪಾತ್ರೆಗಳು ಇಳಿಯುತ್ತವೆ. ವಡೆ, ಪಾಯಸ, ಒಬ್ಬಟ್ಟು. ಸತ್ತವರ ಫೋಟೋವನ್ನು ಮುಂದೆ ಕುರ್ಚಿಯ ಮೇಲೆ ಇಡುತ್ತಾರೆ, ಬದುಕಿರುವವರನ್ನು ಎದುರು ಸಾಲಾಗಿ ಕೂರಿಸುತ್ತಾರೆ. ಕೈಮುಗಿದು, ಪ್ರಾರ್ಥನೆ ಮಾಡಿ, ಬಡಿಸುವ ವೀಡಿಯೋ ತೆಗೆದು ಮುಗಿಸುವಷ್ಟರಲ್ಲಿ ಅನ್ನ ಆರಿರುತ್ತದೆ. (ಅವರಲ್ಲಿ ಸಕ್ಕರೆ ಕಾಯಿಲೆ ಯಾರಿಗಿದೆ ಎಂದು ಒಬ್ಬಟ್ಟು ತಂದವರು ಕೇಳಿದ್ದನ್ನು ನಾನಂತೂ ನೋಡಿಲ್ಲ.)

ಅತ್ತೆಯ ಪಕ್ಕದ ಮಂಚದ ಸರೋಜಮ್ಮ ಒಂದು ದಿನ ನನಗೆ ಹೇಳಿದರು: "ಈ ಪಕ್ಷ ಮುಗಿಯೋ ತನಕ ನಾವೇ ಕಾಗೆಗಳು ಕಣಮ್ಮಾ. ನಾವು ಮುಟ್ಟಿದ್ರೆ ಅವರ ಅಪ್ಪ ಅಮ್ಮಂಗೆ ತೃಪ್ತಿ."

ಅವರು ಅದನ್ನು ತಮಾಷೆಗೇ ಹೇಳಿದ್ದು. ಮನೆಗೆ ಬಂದ ಮೇಲೂ ನನಗೆ ಆ ಮಾತು ಇಳಿಯಲಿಲ್ಲ.

ಅತ್ತೆಗೆ ಇದ್ದದ್ದು ಒಂದೇ ಆಸೆ. ಹಿರಿಯರ ಹಬ್ಬಕ್ಕೆ ಒಂದು ದಿನ ಮನೆಗೆ ಹೋಗಬೇಕು. ಯಾವ ಎಲೆಗೆ ಏನು ಬಡಿಸಬೇಕೆಂದು ಇಷ್ಟು ವರ್ಷ ಹೇಳಿದ್ದು ಅವರೇ. ತಾತನಿಗೆ ಕಜ್ಜಾಯ ಮುಂದಿರಬೇಕು, ಅಜ್ಜಿಗೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಮರೆಯಬಾರದು. ಎಲ್ಲ ಬಡಿಸಿ, ಧೂಪ ಹಾಕಿ, ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಹಿರಿಯರು ಬಂದು ಉಂಡು ಹೋಗಬೇಕಲ್ಲ, ಎದುರಿಗೆ ಯಾರೂ ನಿಲ್ಲಬಾರದು. ಆಮೇಲೆ ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗಿ ಅದೇ ಎಡೆಯನ್ನು ಎಲ್ಲರೂ ಹಂಚಿಕೊಂಡು ಉಣ್ಣುತ್ತೇವೆ. ಆ ಊಟಕ್ಕೆ ಒಂದು ಸಲ ಕೂರಬೇಕು ಎಂದು ಅತ್ತೆ ತಿಂಗಳ ಮುಂಚಿನಿಂದಲೇ ಫೋನಿನಲ್ಲಿ ಹೇಳುತ್ತಿದ್ದರು.

ಫ್ಯಾಮಿಲಿ ಗ್ರೂಪ್‌ನಲ್ಲಿ ಚರ್ಚೆಯಾಯಿತು. ಕಾರು ಹತ್ತಿಸುವುದು ಹೇಗೆ, ಬಚ್ಚಲಿಗೆ ಕರೆದೊಯ್ಯುವುದು ಯಾರು, ಮತ್ತೆ ಬಿದ್ದರೆ? ಒಂದೊಂದೂ ನ್ಯಾಯವಾದ ಪ್ರಶ್ನೆಯೇ. ಕೊನೆಗೆ ನಾಗರಾಜ ನನಗೊಬ್ಬಳಿಗೇ ಫೋನ್ ಮಾಡಿ ನಿಜವಾದ ಭಯ ಹೇಳಿದ.

"ಅಕ್ಕಾ, ಕರ್ಕೊಂಡು ಬರೋದು ದೊಡ್ಡದಲ್ಲ. ಬಂದ್ಮೇಲೆ ವಾಪಸ್ ಹೋಗಲ್ಲ ಅಂತ ಕೂತ್ಬಿಟ್ರೆ? ನಾನು ಹೆಂಗೆ ಎತ್ಕೊಂಡು ಹೋಗಿ ಬಿಟ್ಬರ್ಲಿ?"

ನೋಡೋಣ ಇರು ಎಂದು ಫೋನ್ ಇಟ್ಟೆ. ನಿಮ್ಮಲ್ಲಿ ಉತ್ತರವಿದೆಯೇ?

ಕೊನೆಗೆ ಒಂದು ಐಡಿಯಾ ಬಂತು. ವೀಡಿಯೋ ಕಾಲ್. ನಾನು ಆಶ್ರಮಕ್ಕೆ ಹೋಗಿ ಅತ್ತೆಯ ಪಕ್ಕ ಫೋನ್ ಹಿಡಿದು ಕೂರುವುದು, ಅವರು ಅಲ್ಲಿಂದಲೇ ಎಡೆ ಬಡಿಸುವುದನ್ನು ನೋಡಿ ಹೇಳುವುದು. ಎಲ್ಲರೂ ಹೆಬ್ಬೆರಳು ಒತ್ತಿದರು. ನಾನೂ ಒತ್ತಿದೆ. ಸಮಸ್ಯೆ ಸಾಲ್ವ್ ಆಯಿತೆಂದು ನಮಗೆಲ್ಲ ಎಷ್ಟು ಸಮಾಧಾನ!

ಅಮಾವಾಸ್ಯೆಯ ಮಧ್ಯಾಹ್ನ ನಾನು ಹೋದಾಗ ಅತ್ತೆ ತಲೆ ಬಾಚಿ, ಹಸಿರು ಸೀರೆ ಉಟ್ಟು, ಮಂಚದ ತುದಿಯಲ್ಲಿ ಕೂತಿದ್ದರು. ಕಾಲ ಬಳಿ ಬಟ್ಟೆಯ ಚೀಲ. ಬರೀ ವೀಡಿಯೋ ಕಾಲ್ ಎಂದು ಮೊದಲೇ ಹೇಳಿದ್ದೆ. ಅವರೂ ಹೂಂ ಅಂದಿದ್ದರು. ಆದರೂ ಚೀಲ ಕಟ್ಟಿಕೊಂಡಿದ್ದರು. ನಾನು ಅದನ್ನು ನೋಡಿದ್ದು ಅವರಿಗೆ ಗೊತ್ತಾಯಿತು. ಮೆಲ್ಲಗೆ ಕಾಲಿನಿಂದ ಮಂಚದ ಕೆಳಕ್ಕೆ ತಳ್ಳಿದರು.

ಸಂಜೆ ನಾಗರಾಜನ ಕಾಲ್ ಬಂತು. ನಡುಮನೆಯ ಗೋಡೆಗೆ ಫೋಟೋಗಳು ಸಾಲಾಗಿ ಒರಗಿದ್ದವು. ತಾತ, ಅಜ್ಜಿ, ನನ್ನ ಅಪ್ಪ, ಚಿಕ್ಕಪ್ಪ. ಪ್ರತಿಯೊಬ್ಬರ ಮುಂದೆ ಬಾಳೆ ಎಲೆ. ಅತ್ತೆಗೆ ಜೀವ ಬಂತು. ಸವಿತ ಬಡಿಸುತ್ತಾ ಹೋದಂತೆ ಇವರು ಇಲ್ಲಿಂದ ತಿದ್ದುತ್ತಾ ಹೋದರು.

"ಅಣ್ಣಂಗೆ ಮೂಳೆ ಹಾಕ್ಬೇಡ ಕಣವ್ವಾ. ಅವನಿಗೆ ಹಲ್ಲೆಲ್ಲಿತ್ತು? ಮೆತ್ತಗಿರೋ ಈಲಿ ತುಂಡು ಇದ್ರೆ ನೋಡಿ ಹಾಕು."

ಅಣ್ಣ ಎಂದರೆ ನನ್ನ ಅಪ್ಪ. ಅಪ್ಪನಿಗೆ ಹಲ್ಲಿರಲಿಲ್ಲವೆಂಬುದು ನನಗೇ ಮರೆತಿತ್ತು.

ಫೋನ್ ಹಿಡಿದು ನಾಗರಾಜನ ಕೈ ಸೋತಿರಬೇಕು. ಫೋಟೋಗಳ ಸಾಲಿನ ಕೊನೆಗೆ ಒಂದು ಚೊಂಬಿಟ್ಟು ಅದಕ್ಕೆ ಫೋನನ್ನು ಒರಗಿಸಿದ. ಈಗ ನಮಗೆ ಎಲೆಗಳೂ ಮನೆಯವರ ಕಾಲುಗಳೂ ಕಾಣುತ್ತಿದ್ದವು, ಅವರಿಗೆ ಫೋಟೋಗಳ ಪಕ್ಕದಲ್ಲಿ ಅತ್ತೆಯ ಮುಖ. ನಾನು ನಕ್ಕದ್ದು ಆಗಲೇ. ಅವನೂ ಅಲ್ಲಿ ನಗುತ್ತಾ, "ಅತ್ತೆಗೂ ಒಂದು ಎಲೆ ಹಾಕೇ, ನೋಡಿಯಾದ್ರೂ ಖುಷಿ ಪಡ್ಲಿ" ಅಂದ. ಪ್ರೀತಿಯಿಂದಲೇ ಅಂದದ್ದು. ಸವಿತ ಫೋನಿನ ಮುಂದೆ ಎಲೆ ಹಾಕಿ, ಮುದ್ದೆ ಇಟ್ಟು, ಕೋಳಿ ಸಾರು ಬಿಟ್ಟಳು. ಆಮೇಲೆ ಹೂವಿಡುತ್ತಾ ಬಂದವಳು ಅದೇ ಓಘದಲ್ಲಿ ಫೋನಿನ ಮೇಲೂ ಒಂದು ಚೆಂಡು ಹೂ ಇಟ್ಟಳು. ನಮ್ಮ ಪರದೆಯ ಒಂದು ಮೂಲೆ ಹಳದಿಯಾಯಿತು. ಧೂಪ ಬಂತು. ಎಲ್ಲರೂ ಅಡ್ಡಬಿದ್ದರು, ಎದ್ದರು, ಹೊರಟರು.

ಬಾಗಿಲು ಮುಚ್ಚಿತು.

ಫೋನ್ ಒಳಗೇ ಉಳಿಯಿತು. ಹೊರಗೆ ಯಾರೋ ಅದನ್ನು ನೆನಪಿಸಿದ್ದೂ, ಈಗ ತೆಗೆಯಬಾರದು, ಹಿರಿಯರು ಊಟಕ್ಕೆ ಕೂತಿರುತ್ತಾರೆ ಎಂದು ಇನ್ಯಾರೋ ತಡೆದದ್ದೂ ನಮಗೆ ಕೇಳಿಸಿತು. ಆಮೇಲೆ ಸದ್ದಿಲ್ಲ. ದೀಪದ ಬೆಳಕು, ಹೊಗೆ, ಆವಿಯಾಡುವ ಮುದ್ದೆ. ಸತ್ತವರೆಲ್ಲ ಒಂದು ಸಾಲಿನಲ್ಲಿ, ಕೊನೆಗೆ ನಮ್ಮ ಅತ್ತೆ.

ನಾನು ಕಟ್ ಮಾಡಲು ಹೋದೆ. ಅತ್ತೆ ನನ್ನ ಮುಂಗೈ ಹಿಡಿದುಕೊಂಡರು.

"ಇರ್ಲಿ ಬಿಡು ಮಗಾ. ನೋಡ್ತೀನಿ."

ಅಷ್ಟರಲ್ಲಿ ಆಶ್ರಮದ ಊಟದ ಗಂಟೆ ಹೊಡೆಯಿತು. ತಟ್ಟೆ ಮಂಚಕ್ಕೇ ಬಂತು. ಮೆತ್ತಗೆ ಬೆಂದ ಅನ್ನ, ತಿಳಿಸಾರು. ಅತ್ತೆ ಕಣ್ಣು ಫೋನಿನ ಮೇಲಿಂದ ತೆಗೆಯಲಿಲ್ಲ. ಅನ್ನವನ್ನು ಬೆರಳಲ್ಲಿ ಒತ್ತಿ ಒತ್ತಿ ಉಂಡೆ ಮಾಡಿದರು, ಸಾರಿನಲ್ಲಿ ಅದ್ದಿದರು, ಅಗಿಯದೆ ನುಂಗಿದರು. ಮುದ್ದೆ ನುಂಗುವ ಹಾಗೆ. ಮತ್ತೊಂದು ಉಂಡೆ. ಇನ್ನೊಂದು. ಅಲ್ಲಿಯ ಎಲೆಯಲ್ಲಿ ಏನೂ ಕಡಿಮೆಯಾಗಲಿಲ್ಲ.

ನನಗೆ ಅಲ್ಲಿ ಕೂರಲು ಆಗಲಿಲ್ಲ. ಆದರೆ ಎದ್ದು ಎಲ್ಲಿಗೆ ಹೋಗಲಿ, ಮುಂಗೈ ಅವರ ಎಡಗೈಯಲ್ಲಿತ್ತು.

ಬದುಕಿದ್ದಾಗ ತುತ್ತು ಹಾಕದವರು ಸತ್ತ ಮೇಲೆ ತುಪ್ಪ ಸುರಿಯುತ್ತಾರೆ ಎಂದು ಬೇರೆಯವರ ಬಗ್ಗೆ ಈ ಅಂಕಣದಲ್ಲೇ ಎಷ್ಟು ಸಲ ಬರೆದಿದ್ದೇನೋ. ಬರೆಯುವುದು ಸುಲಭ. ಹಲ್ಲಿಲ್ಲದ ನನ್ನ ಅಪ್ಪ ಸತ್ತು ಇಷ್ಟು ವರ್ಷವಾದ ಮೇಲೂ ಅವನ ಎಲೆಗೆ ಮೆತ್ತಗಿನ ತುಂಡು ಹುಡುಕಿ ಹಾಕುತ್ತಾರೆ. ಅದನ್ನು ಹುಡುಕಿಸಿದವರಿಗೆ ಒಂದು ಮುದ್ದೆ ಕೊಡಲು ನಮಗೆ ದಾರಿಯಿಲ್ಲ. ನಾವು ಬೇಡ ಅಂದದ್ದಲ್ಲ, ದಾರಿಯಿಲ್ಲ. ನಿಜಕ್ಕೂ ಇಲ್ಲವೇ? ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದೂ ಒಂದು ಅನುಕೂಲ.

ಸ್ವಲ್ಪ ಹೊತ್ತಿಗೆ ಆ ಕಡೆ ಬಾಗಿಲು ತಟ್ಟಿದ ಸದ್ದು. ನಾಗರಾಜ ಕೆಮ್ಮಿ ಒಳಗೆ ಬಂದ. ಹೂ ತೆಗೆದು ನೋಡಿ, ಲೈನ್ ಇನ್ನೂ ಇರುವುದನ್ನು ಕಂಡು ಪೆಚ್ಚಾದ. ಊಟ ಆಯಿತಾ ಅತ್ತೆ ಎಂದು ಕೇಳಿದ.

"ಆಯ್ತು ಕಣಪ್ಪಾ. ಎಲ್ರೂ ಉಂಡ್ವಿ. ಇನ್ನು ನೀವು ಕೂತ್ಕಳಿ."

ಅವನು ನಗಲಿಲ್ಲ. ಮಕ್ಕಳು ಎಲೆಗಳಿಗೆ ಕೈಹಾಕುತ್ತಿದ್ದ ಗಲಾಟೆಯಲ್ಲಿ ಕಾಲ್ ಕಟ್ ಆಯಿತು. ಅತ್ತೆಯ ಹೆಸರಿನ ಎಲೆಯನ್ನು ಯಾರು ಉಂಡರೆಂದು ನಾನು ಇವತ್ತಿಗೂ ಕೇಳಿಲ್ಲ.

ಅತ್ತೆ ತಟ್ಟೆಯಲ್ಲೇ ಕೈತೊಳೆದು, ಸೆರಗಿಗೆ ಒರೆಸಿಕೊಂಡರು. ಅಳಲಿಲ್ಲ. ಅತ್ತಿದ್ದರೆ ನಾನೂ ಅತ್ತು ಮುಗಿಸುತ್ತಿದ್ದೆ. ಮುಂದಿನ ವರ್ಷ ಹೇಗಾದರೂ ಮಾಡಿ ಕರೆದುಕೊಂಡು ಹೋಗುತ್ತೇನೆ ಅತ್ತೆ ಎಂದೆ. ಬಾಯಿಂದ ಬಂದುಬಿಟ್ಟಿತು, ಅಷ್ಟೇ. ಅವರು ನನ್ನ ಮುಖವನ್ನೇ ನೋಡಿದರು. ನಾನು ಚಿಕ್ಕವಳಿದ್ದಾಗ ಸುಳ್ಳು ಹೇಳಿದರೆ ಹೀಗೆಯೇ ನೋಡುತ್ತಿದ್ದರು.

"ಮುಂದಿನ ವರ್ಷ ಫೋನ್ ಬ್ಯಾಡ ಅಂತ ಹೇಳು ಅವನಿಗೆ. ಫೋಟೋ ಇಟ್ರೆ ಸಾಕು. ನಂದು ಚೆನ್ನಾಗಿರೋದು ಒಂದೂ ಇಲ್ಲ, ಈಗ್ಲೇ ಒಂದು ತೆಗಿ."

ಸೆರಗು ಸರಿ ಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಗೋಡೆಗೆ ಒರಗಿ ಕೂತರು.

ತೆಗೆದೆ. ಇನ್ನೇನು ಮಾಡಬೇಕಿತ್ತು, ನೀವೇ ಹೇಳಿ?