ಬಾಡಿಗೆ ಮನೆಯ ಮೂವರು ಮತ್ತು ಶಾಲಿನಿಬಾಯಿ

ಊರಿಂದ ತಂದಿದ್ದ ಖಡಕ್ ಜೋಳದ ರೊಟ್ಟಿ ಹೊನ್ನಾವರದಲ್ಲಿ ಒಂದೇ ರಾತ್ರಿಗೆ ಮೆತ್ತಗಾಗಿ, ಬೆಳಿಗ್ಗೆ ಎತ್ತಿದರೆ ಒದ್ದೆ ಕರವಸ್ತ್ರದ ಹಾಗೆ ಜೋತುಬಿತ್ತು. ವಿಜಯಪುರದ ನಮ್ಮ ಮನೆಯಲ್ಲಿ ತಿಂಗಳಾದರೂ ಮುರಿದರೆ ಸದ್ದು ಮಾಡುವ ರೊಟ್ಟಿ ಅದು. ಇಲ್ಲಿ ಬಟ್ಟೆಗೂ ಒಣಗುವ ಅವಸರವಿಲ್ಲ. ಬೆಳಗಾದರೆ ಬೀದಿಗೆ ಹಾಲಿಗಿಂತ ಮೊದಲು ಮೀನು ಬರುತ್ತದೆ.

ನಾನಿದ್ದ ನಾಟಕ ಕಂಪನಿ ಮುಚ್ಚಿಹೋಗಿತ್ತು. ಟೀವಿಯ ಹಾಸ್ಯ ಧಾರಾವಾಹಿಯೊಂದರಲ್ಲಿ ಪಾತ್ರ ಸಿಕ್ಕಿತೆಂದು ಇಲ್ಲಿಗೆ ಬಂದೆ. ಕಥೆಯಲ್ಲಿ ಮೂವರು ಗೆಳೆಯರು: ಅತ್ತರಿನ ವ್ಯಾಪಾರದಲ್ಲಿ ಕೈಸುಟ್ಟುಕೊಂಡ ಭಟ್ಕಳದವನು, ಯಾವ ಕೆಲಸದಲ್ಲೂ ವಾರ ನಿಲ್ಲದ, ಬಾಡ ಎಂಬ ಊರಿನ ಹುಡುಗ, ಬಟ್ಟೆ ಹೊಲಿಯುವ ಕುಮಟಾದ ಹುಡುಗಿ. ಮೂವರದೂ ಮೂರು ದಿಕ್ಕು. ಒಂಟಿಯಾಗಿ ಬಾಡಿಗೆ ಕಟ್ಟಲಾರದೆ ಒಂದೇ ಮನೆಯಲ್ಲಿದ್ದಾರೆ. ಆ ಕುಮಟಾದ ಹುಡುಗಿಯ ಪಾತ್ರ ನನ್ನದು.

ತೊಡಕಾದದ್ದು ಮಾತು. ನಮ್ಮ 'ಏನ' ಇಲ್ಲಿ 'ಎಂತ'. 'ಆತು' ಎಂಬುದೊಂದು ಎರಡೂ ಕಡೆ ನಡೆಯುತ್ತದೆ. ಹಾಗಾಗಿ ಮೊದಲ ವಾರವೆಲ್ಲ ಯಾರು ಏನು ಕೇಳಿದರೂ ಆತು ಎಂದೇ ಉತ್ತರಿಸುತ್ತಿದ್ದೆ. ಭಟ್ಕಳದವನ ಪಾತ್ರ ಮಾಡುವ ಇಮ್ತಿಯಾಜ್ ನಿಜಕ್ಕೂ ಭಟ್ಕಳದವನೇ. ಮನೆಯಲ್ಲಿ ನವಾಯತಿ, ಪೇಟೆಯಲ್ಲಿ ಉರ್ದು, ಕನ್ನಡ ತಾನೂ ಶಾಲೆಯಲ್ಲೇ ಕಲಿತದ್ದು ಎಂದು ಸಮಾಧಾನ ಹೇಳಿ, ಊಟದ ಹೊತ್ತಿಗೆ ನನ್ನ ಸಂಭಾಷಣೆ ತಿದ್ದುತ್ತಿದ್ದ. ಆದರೂ ಕ್ಯಾಮೆರಾ ಮುಂದೆ ನಿಂತರೆ ನಾಲಿಗೆ ವಿಜಯಪುರಕ್ಕೆ ಓಡುತ್ತಿತ್ತು. ಈ ಸಲದ ಚಿತ್ರೀಕರಣ ಮುಗಿಯುವುದರೊಳಗೆ ಸರಿಹೋಗದಿದ್ದರೆ ಕುಮಟಾದವಳನ್ನೇ ಕರೆಸುತ್ತೇನೆ ಎಂದು ನಿರ್ದೇಶಕರು ಬೇಸರದಿಂದಲೇ ಹೇಳಿದರು.

ನನ್ನ ನಿಜವಾದ ಮನೆಯೊಡತಿ ಶಾಲಿನಿಬಾಯಿ ಕೆಳಗಿನ ಮನೆಯಲ್ಲಿದ್ದರು. ಮನೆಮಾತು ಕೊಂಕಣಿ. ಮಜ್ಜಿಗೆಯ ತಂಪು ತಂಬ್ಳಿ ಮಾಡಿದ ದಿನ ಒಂದು ಬಟ್ಟಲು ಮಹಡಿಯ ನನ್ನ ಕೋಣೆಗೆ ಬರುತ್ತಿತ್ತು, ಹಿಂದೆಯೇ ಬಾಡಿಗೆಯ ಪ್ರಶ್ನೆಯೂ. ಧಾರಾವಾಹಿ ಪ್ರಸಾರವಾಗುವವರೆಗೆ ನಮಗೆ ಸಂಬಳವಿಲ್ಲ ಎಂದರೆ ಅವರು ನಂಬುತ್ತಿರಲಿಲ್ಲ.

ಒಂದು ದಿನ ಧಾರಾವಾಹಿಯ ಮನೆಯೊಡತಿ ಪಾತ್ರದವರು ಬರಲಿಲ್ಲ. ಚಿತ್ರೀಕರಣ ನೋಡಲು ಬಂದು ಕುರ್ಚಿ ಹಾಕಿಕೊಂಡು ಕೂತಿದ್ದ ಶಾಲಿನಿಬಾಯಿಯನ್ನೇ ನಿರ್ದೇಶಕರು ಎಬ್ಬಿಸಿದರು. ಬಾಗಿಲು ತಟ್ಟಿ, ಬಾಡಿಗೆ ಯಾವಾಗ ಎಂದು ಕೇಳಿ ಹೋದರೆ ಸಾಕು. ಅವರು ಒಪ್ಪಿದರು. ಕ್ಯಾಮೆರಾ ಓಡಿತು. ಬಾಗಿಲು ತೆರೆದದ್ದು ಇಮ್ತಿಯಾಜ್. ಅವನನ್ನು ಪಕ್ಕಕ್ಕೆ ಸರಿಸಿ ಸೀದಾ ನನ್ನ ಮುಂದೆ ಬಂದು ನಿಂತರು.

"ಎರಡು ತಿಂಗಳದ್ದು ಎಂತ ಆತು? ನೀ ಬರೇ ನಾಟಕ ಮಾಡ್ಕಂಡಿದ್ರೆ ನಾ ಎಂತ ತಿನ್ನುದು?"

ಅದು ಬರೆದುಕೊಟ್ಟ ಮಾತಲ್ಲ. ನಿಜಕ್ಕೂ ನನ್ನ ಬಾಕಿಯದೇ ಲೆಕ್ಕ. ಕ್ಯಾಮೆರಾ ಇದೆ ಎಂಬುದೇ ಮರೆತುಹೋಯಿತು.

"ರೊಕ್ಕ ಇಲ್ರಿ ಬಾಯಾರ. ನಾವ ಮೂರು ಮಂದಿ ಅದೀವಿ. ಯಾರು ಛಲೋ ಕಾಣ್ತಾರೋ ನೋಡಿ ಒಬ್ಬರನ್ನ ಒತ್ತಿ ಇಟ್ಕೊರಿ."

ಶಾಲಿನಿಬಾಯಿ ನಮ್ಮ ಮೂವರನ್ನೂ ಮೇಲಿಂದ ಕೆಳಗೆ ನೋಡಿ, ಯಾರೂ ಬೇಡವೆಂದು ಕೈಯಾಡಿಸಿ ಹೊರಟುಹೋದರು. ಕ್ಯಾಮೆರಾದವನ ಹೆಗಲು ನಗೆಗೆ ಕುಣಿಯುತ್ತಿತ್ತು. ನನ್ನ ಕೆಲಸ ಹೋಯಿತೆಂದುಕೊಂಡೆ. ನಿರ್ದೇಶಕರು ಕಣ್ಣೊರೆಸಿಕೊಂಡು, ಈ ಹುಡುಗಿ ಕುಮಟಾದವಳಾಗುವುದು ಬೇಡ, ವಿಜಯಪುರದಿಂದಲೇ ಬಂದಿರಲಿ ಎಂದರು. ಶಾಲಿನಿಬಾಯಿಗೂ ಕಾಯಂ ಪಾತ್ರ ಸಿಕ್ಕಿತು. ಅವರ ಸಂಭಾವನೆಯೂ ಪ್ರಸಾರವಾದ ಮೇಲೆಯೇ ಎಂದು ತಿಳಿದ ದಿನದಿಂದ ನನ್ನ ಬಾಡಿಗೆಯ ಮಾತು ನಿಂತಿತು. ಇಬ್ಬರೂ ಸೇರಿ ಚಾನೆಲ್ಲನ್ನು ಬೈಯತೊಡಗಿದೆವು.

ಈಗ ಧಾರಾವಾಹಿ ಟೀವಿಯಲ್ಲಿ ಬರುತ್ತಿದೆ. ಪೇಟೆಗೆ ಹೋದರೆ ಮೀನಿನವಳು "ಬಿಜಾಪುರದವಳು ಬಂತು" ಎಂದು ಜಾಗ ಬಿಡುತ್ತಾಳೆ. ಅದು ಇಷ್ಟವೇ. ಹೋದ ತಿಂಗಳು ಊರಿಗೆ ಹೋಗಿದ್ದೆ. ಅಂಗಳದಲ್ಲಿ ಕೂತು ಅವ್ವನಿಗೆ ಎಲ್ಲ ಹೇಳುವಾಗ ನಡುನಡುವೆ 'ಎಂತ' ಜಾರಿಬಂತು. ಅವಳು ನಕ್ಕು, ಸೆರಗಿನಿಂದ ಬಾಯಿ ಒರೆಸಿಕೊಂಡು, ತೀರ ಸಹಜವಾಗಿ ಕೇಳಿದಳು:

"ನಿಮ್ಮೂರಿಗೆ ಬಸ್ಸು ಎಷ್ಟಕ್ಕೈತಿ?"

ಹುಟ್ಟಿದ ಮನೆಯ ಅಂಗಳದಲ್ಲಿ ಕೂತಿದ್ದ ನಾನು ಹೊನ್ನಾವರದ ಬಸ್ಸಿನ ವೇಳೆ ಹೇಳಿದೆ.