ಕೆಸರಿಗಿಳಿದ ಅಪ್ಪ

ಅಪ್ಪ ಹಗಲು ಹೊತ್ತಿನಲ್ಲೂ ಮನೆಯಲ್ಲೇ ಇರುತ್ತಿದ್ದ ಆ ದಿನಗಳಲ್ಲಿ, ಮಿಲ್ಪಿಟಾಸಿನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗ ವಾರದಿಂದ ವಾರಕ್ಕೆ ಖಾಲಿಯಾಗುತ್ತಿತ್ತು. ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ನಿನ್ನೆ ನಮ್ಮ ಜೊತೆ ಕುಂಟೆಬಿಲ್ಲೆ ಆಡಿದ ಮಕ್ಕಳು ಇವತ್ತು ಊರಿಗೆ ವಾಪಸು ಹೊರಟು ಸೂಟ್‌ಕೇಸುಗಳ ಮೇಲೆ ಕೂತಿರುತ್ತಿದ್ದರು. ನನಗಾಗ ಒಂಬತ್ತು ವರ್ಷ. ಆಡಲು ಜಾಗ ಹೆಚ್ಚಾಯಿತು, ಆಡುವವರು ಕಡಿಮೆಯಾದರು.

ಅಪ್ಪನ ಕೆಲಸವೂ ಹೋಗಿತ್ತು. ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಫೋನು ಹೊಡೆದುಕೊಂಡರೆ ಅಮ್ಮ ಒಗ್ಗರಣೆ ಸೌಟು ಹಿಡಿದು ಹಾಗೇ ನಿಂತುಬಿಡುತ್ತಿದ್ದಳು, ಸಾಸಿವೆ ಕರಕಲಾಗುತ್ತಿತ್ತು. ಅಂಥದೊಂದು ಭಾನುವಾರ ಅಪ್ಪ ಹಳೆ ಸಾಮಾನು ಮಾರುವ ಫ್ಲೀ ಮಾರ್ಕೆಟ್ಟಿನಿಂದ ಒಂದು ಮೆಟಲ್ ಡಿಟೆಕ್ಟರ್ ತಂದ. ಉದ್ದನೆಯ ಕೋಲು, ತುದಿಗೆ ತಟ್ಟೆಯಂಥ ಚಕ್ರ. ನೆಲದೊಳಗೆ ಲೋಹವಿದ್ದರೆ ಹೆಡ್‌ಫೋನಿನಲ್ಲಿ ಕೀಂ ಅನ್ನುತ್ತಿತ್ತು.

ಮೊದಮೊದಲು ಖುಷಿಯೇ. ಸ್ಕೂಲು ಬಿಟ್ಟ ಮೇಲೆ, ಮರ ಕಡಿದು ಖಾಲಿ ಬಿಟ್ಟ ಆಪ್ರಿಕಾಟ್ ಹಣ್ಣಿನ ತೋಟಗಳಿಗೆ ನನ್ನನ್ನು ಕರೆದೊಯ್ಯುತ್ತಿದ್ದ. ಹಿಂದೆ ಹಣ್ಣು ಕೊಯ್ಯುವವರಿಗೆ ಬುಟ್ಟಿಗೊಂದರಂತೆ ಕೊಡುತ್ತಿದ್ದ ಹಿತ್ತಾಳೆ ಬಿಲ್ಲೆ, ನಡುವೆ ತೂತಿದ್ದ ಬಸ್ ಟೋಕನ್ನು ಸಿಗುತ್ತಿದ್ದವು, ಒಮ್ಮೆ ಒಂದು ಸವೆದ ಬೆಳ್ಳಿ ನಾಣ್ಯವೂ ಸಿಕ್ಕಿತು. ಅಪ್ಪ ಉಗುಳು ಹಚ್ಚಿ ಒರೆಸಿ, "ಇದು ಯಾರ ಜೇಬಿಂದ ಬಿದ್ದಿರಬಹುದು ಹೇಳು?" ಅನ್ನುತ್ತಿದ್ದ.

"ಸಮ್ ಓಲ್ಡ್ ಫಾರ್ಮರ್."

"ಕನ್ನಡದಲ್ಲಿ ಹೇಳೇ," ಎಂದು ನಕ್ಕು, ತಾನೇ ಒಂದು ಕಥೆ ಕಟ್ಟುತ್ತಿದ್ದ.

ಕೆಲಸದ ಕರೆ ಬಾರದೆ ತಿಂಗಳುಗಳು ಸರಿದಂತೆ ಕಥೆ ನಿಂತಿತು. ಸಿಕ್ಕಿದ್ದನ್ನು ನೋಡದೆಯೇ ಜೇಬಿಗೆ ಹಾಕಿ ಮುಂದೆ ಹೋಗುತ್ತಿದ್ದ. ಊಟಕ್ಕೆ ಕರೆದರೂ ಹೆಡ್‌ಫೋನು ತೆಗೆಯುತ್ತಿರಲಿಲ್ಲ.

ಒಂದು ಶನಿವಾರ ಚಿತ್ರಾನ್ನ ಕಟ್ಟಿಕೊಂಡು ಮೂವರೂ ಕೊಲ್ಲಿಯ ಅಂಚಿಗೆ ಹೋದೆವು. ಹಿಂದೊಮ್ಮೆ ದೋಣಿಗಳು ನಿಲ್ಲುತ್ತಿದ್ದ ಜಾಗವಂತೆ. ನೀರು ಇಳಿದಿತ್ತು. ಕಣ್ಣು ಹಾಯುವವರೆಗೂ ಬೂದು ಬಣ್ಣದ ಕೆಸರು, ಕೊಳೆತ ಮೊಟ್ಟೆಯ ವಾಸನೆ. ಅಮ್ಮ ಕುಮಟೆಯವಳು, ಅಳಿವೆಯಲ್ಲಿ ಚಿಪ್ಪಿ ಹೆಕ್ಕುತ್ತಾ ಬೆಳೆದವಳು. ಕೆಸರನ್ನು ಒಮ್ಮೆ ನೋಡಿದವಳೇ, "ಇದು ಕಾಲು ಹಿಡೀತದೆ. ಇಳೀಬೇಡಿ," ಎಂದಳು.

"ಅಂಚಲ್ಲೇ ಇರ್ತೀನಿ ಕಣೆ," ಅಂದ ಅಪ್ಪ.

ಅಂಚಲ್ಲಿರಲಿಲ್ಲ. ನಾವು ಡಬ್ಬಿ ಬಿಚ್ಚಿ ಎರಡು ತುತ್ತು ತಿನ್ನುವಷ್ಟರಲ್ಲಿ ದೂರ ಹೋಗಿಬಿಟ್ಟಿದ್ದ. ಅವನಾಚೆ ಏನೋ ತೆಳ್ಳಗೆ ಹೊಳೆಯಿತು. ನೀರು ವಾಪಸು ಬರುತ್ತಿತ್ತು, ಸದ್ದೇ ಇಲ್ಲದೆ, ಕೆಸರಿನ ಕಾಲುವೆಗಳನ್ನು ತುಂಬಿಕೊಳ್ಳುತ್ತಾ. ಅಮ್ಮ ಕೂಗಿದಳು. ನಾನೂ ಕೂಗಿದೆ. ಅಪ್ಪನ ಬೆನ್ನು ನಮ್ಮ ಕಡೆಗಿತ್ತು, ಕಿವಿಯ ಮೇಲೆ ಹೆಡ್‌ಫೋನಿತ್ತು. ಕೊನೆಗೆ ತಿರುಗಿದಾಗ ಮೊಣಕಾಲಿನವರೆಗೆ ಹೂತುಹೋಗಿದ್ದ. ಕಾಲು ಕೀಳಲು ನೋಡಿದಷ್ಟೂ ಇಳಿಯುತ್ತಿದ್ದ.

ಅಮ್ಮ ಕಾರಿನ ಮ್ಯಾಟುಗಳನ್ನು ಕಿತ್ತು ತಂದಳು. "ನೀನು ಇಲ್ಲಿಂದ ಅಲ್ಲಾಡಿದ್ರೆ ನೋಡು," ಎಂದು ನನ್ನನ್ನು ಗದರಿಸಿ, ಅವನ್ನು ಒಂದರ ಮುಂದೊಂದು ಹಾಸಿಕೊಳ್ಳುತ್ತಾ ಹೊಟ್ಟೆಯ ಮೇಲೆ ತೆವಳಿದಳು. "ನಿಂತ್ಕಬೇಡಿ, ಹಿಂದಕ್ಕೆ ಮಲಗಿ! ಆ ಕೋಲು ಬಿಡಿ!"

ಅಪ್ಪ ಬಿಡಲಿಲ್ಲ. ನೀರು ಅವನ ಸೊಂಟ ಮುಟ್ಟಿತು. ಅಮ್ಮ ಕೈ ಚಾಚಿ ಅವನ ಕೆನ್ನೆಗೆ ಹೊಡೆದಳು. ಅವಳು ಅಪ್ಪನ ಮೇಲೆ ಕೈಯೆತ್ತಿದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. ಆಗ ಬಿಟ್ಟ. ಮಲಗಿದ. ಬೂಟುಗಳು ಒಳಗೇ ಉಳಿದು ಕಾಲುಗಳು ನಿಧಾನವಾಗಿ ಹೊರಬಂದವು. ಇಬ್ಬರೂ ಬೂದು ಬಣ್ಣದ ಪ್ರಾಣಿಗಳ ಹಾಗೆ ತೆವಳಿಕೊಂಡು ದಡಕ್ಕೆ ಬರುವವರೆಗೂ ನಾನು ಬಾಯಲ್ಲಿದ್ದ ಚಿತ್ರಾನ್ನವನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತಿದ್ದೆ.

ಮನೆಯ ಮುಂದೆ ಕಾರು ನಿಲ್ಲಿಸಿ ಅಪ್ಪ ಸ್ಟೀರಿಂಗಿನ ಮೇಲೆ ಹಣೆಯಿಟ್ಟ.

"ನಂಗೆ ಕೇಳಿಸ್ತಿತ್ತು," ಎಂದ. "ನೀವಿಬ್ರೂ ಕೂಗಿದ್ದು ಕೇಳಿಸ್ತಿತ್ತು."

ಅಮ್ಮ ಸೀಟ್‌ಬೆಲ್ಟ್ ಬಿಚ್ಚಿದಳು. "ಗೊತ್ತು. ಒಳಗೆ ಬನ್ನಿ, ಸ್ನಾನ ಮಾಡಿ," ಎಂದಳು.

ಮುಂದೆ ಪ್ಲೆಸೆಂಟನ್ನಿನಲ್ಲಿ ಅಪ್ಪನಿಗೆ ಕೆಲಸ ಸಿಕ್ಕಿತು, ಫ್ರೀಮಾಂಟಿನಲ್ಲಿ ಮನೆಯಾಯಿತು. ಹೊರಗಿನವರ ಕಣ್ಣಿಗೆ ನಾವು ಏನನ್ನೂ ಕಳೆದುಕೊಂಡಿರಲಿಲ್ಲ. ಆದರೆ ಅಪ್ಪ ಹಾಲು ತರಲು ಹೊರಟರೂ ಅಮ್ಮ ತಾನೂ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಡುತ್ತಿದ್ದಳು. ಅವನು ಬಚ್ಚಲಲ್ಲಿ ಕೊಂಚ ತಡಮಾಡಿದರೆ ನಾನು ಹೋಗಿ ಬಾಗಿಲು ತಟ್ಟುತ್ತಿದ್ದೆ. ಕರೆದರೆ ಅಪ್ಪ ಓಗೊಡುತ್ತಾನೆ ಎಂದು ಯೋಚಿಸದೆಯೇ ನಂಬುವ ಮಕ್ಕಳಿರುತ್ತಾರಲ್ಲ, ಆ ಶನಿವಾರ ಬೆಳಿಗ್ಗೆಯವರೆಗೂ ನಾನು ಅವರಲ್ಲೊಬ್ಬಳಾಗಿದ್ದೆ.